ಅಂಕೋಲೆಯ ಶಾಲೆಗೆ ನಾಟಕದ ಮಾಸ್ತರು ಬೇಕು

ಕಾರವಾರದ ಕಡಲತೀರಕ್ಕೆ ನಾವು ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದೇವೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ಬಂದು ಉಳಿದು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದು ಇಲ್ಲಿಯೇ. ಲೋಕವನ್ನೇ ತೊರೆದೆನೆಂದುಕೊಂಡ ಸನ್ಯಾಸಿಯೊಬ್ಬನನ್ನು, ಊರವರು ಮುಟ್ಟಲು ಹೇಸುವ ಅನಾಥ ಹುಡುಗಿಯೊಬ್ಬಳು ಮತ್ತೆ ಲೋಕದ ಕಡೆಗೆ ಎಳೆದು ತರುವ ಕಥೆ ಅದು. ತಮ್ಮ ಮುಂದಿನ ಎಲ್ಲ ಬರವಣಿಗೆಗೂ ಈ ನಾಟಕವೇ ಪೀಠಿಕೆಯಂತಿತ್ತು ಎಂದು ಕವಿಯೇ ಮುಂದೆ ನೆನೆದುಕೊಂಡರು. ಇಷ್ಟನ್ನು ಕಾರವಾರದವರು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ನಾಟಕಕಾರ ಮುಂದೆ ಮಾಸ್ತರಾದ ಸಂಗತಿಯನ್ನು ಇದರ ಜತೆ ಸೇರಿಸಿ ಹೇಳುವುದು ಕಡಿಮೆ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ಮೇಲೆ ಅವರು ಮಕ್ಕಳಿಂದ ಆಡಿಸಲೆಂದೇ ನಾಟಕ ಬರೆದರು. 1908ರ ‘ಶಾರದೋತ್ಸವ’ ಅಂಥದ್ದು. ನಾಟಕವನ್ನು ವರ್ಷಕ್ಕೊಮ್ಮೆ ಬರುವ ಗ್ಯಾದರಿಂಗಿಗೆ ಬಿಡದೆ ಶಾಲೆಯ ದಿನಚರಿಯೊಳಗೇ ತಂದರು. ಅದೇ ಕಡಲತೀರದಲ್ಲಿ ಈಗ ಕರಾವಳಿ ಉತ್ಸವದ ವೇದಿಕೆ ಏಳುತ್ತದೆ. ದೊಡ್ಡ ಗಾಯಕರು ಬರುವ ಮುಂಚೆ ಸಿದ್ದಿಗಳ ಡಮಾಮಿ ಕುಣಿತವೂ ನಡೆಯುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ, ತಂಡ ಘಟ್ಟ ಹತ್ತಿ ಊರಿಗೆ ಹೋಗುತ್ತದೆ. ನಾನು ಕೇಳುತ್ತಿರುವುದು ಆ ಕುಣಿತದ ಮರುದಿನದ ಬಗ್ಗೆ. ಉತ್ತರ ಕನ್ನಡ ತನ್ನ ಕಲಾವಿದರಿಗೆ ವೇದಿಕೆ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ, ಸನ್ಮಾನದಲ್ಲೂ ಬಿದ್ದಿಲ್ಲ. ಕಲಿಸುವ ಕೆಲಸ ಮಾತ್ರ ಕೊಟ್ಟಿಲ್ಲ. ಅದು ಸಿಗದಿದ್ದರೆ ಇಲ್ಲಿಯ ರಂಗಭೂಮಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ ಎಂಬುದು ನನ್ನ ವಾದ.

ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು, ಇನ್ನೂ ಸರಿಯಾಗಿ ಹೇಳುವುದಾದರೆ ಹಿಡಿದು ತರಲ್ಪಟ್ಟವರು. ಹದಿನಾರನೆಯ ಶತಮಾನದಿಂದ ಪೋರ್ತುಗೀಜರು ಗೋವೆಗೆ ಗುಲಾಮರನ್ನು ಸಾಗಿಸಿದರು. ಅವರಲ್ಲಿ ಬಹಳಷ್ಟು ಮಂದಿ ಮೊಜಾಂಬಿಕ್ ಕಡೆಯವರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಸಹ್ಯಾದ್ರಿಯ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ ತಾಲೂಕುಗಳಲ್ಲಿ ಅವರ ಕೇರಿಗಳಿವೆ. ಅಂಕೋಲೆ ತಾಲೂಕಿನ ಘಟ್ಟದ ಮಗ್ಗುಲಿನ ಹಳ್ಳಿಗಳಲ್ಲೂ ಇವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ನಂಬಿಕೆಗಳಲ್ಲಿ ಹಂಚಿಹೋಗಿದ್ದರೂ ಡಮಾಮಿ ಎಲ್ಲರದ್ದು. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಅಷ್ಟರಮಟ್ಟಿಗೆ ರಾಜ್ಯ ಅವರನ್ನು ಕಂಡಿದೆ. ಆದರೆ ಕಲೆಯ ವಿಷಯ ಬಂದಾಗ ನಮ್ಮ ಕಣ್ಣು ಇನ್ನೂ ಅವರ ಮೈಮೇಲೆಯೇ ನಿಲ್ಲುತ್ತದೆ. ವೇದಿಕೆಗೆ ಬರುವ ತಂಡಗಳಲ್ಲಿ ಕೆಲವು ಸೊಪ್ಪು ಸುತ್ತಿಕೊಂಡು, ಮುಖಕ್ಕೆ ಬಿಳಿಯ ಗೆರೆ ಎಳೆದುಕೊಂಡು ಬರುತ್ತವೆ. ಕರೆದವರಿಗೆ ಆ ವೇಷವೇ ಬೇಕು. ಮನೆಯಂಗಳದ ಡಮಾಮಿಯಲ್ಲಿ ಉಟ್ಟ ಸೀರೆಯ ಸೆರಗು ಸಿಕ್ಕಿಸಿಕೊಂಡೇ ಹೆಂಗಸರು ಕುಣಿಯುತ್ತಾರೆ, ಹಾಡು ಗಂಟೆಗಟ್ಟಲೆ ಬೆಳೆಯುತ್ತದೆ. ವೇದಿಕೆಯ ಮೇಲೆ ಅದಕ್ಕೆ ಸಿಗುವುದು ಕೆಲವೇ ನಿಮಿಷ.

ಇದಕ್ಕಿಂತ ಬೇರೆಯಾದುದು ಸಾಧ್ಯ ಎಂಬುದನ್ನು ನಮ್ಮ ಜಿಲ್ಲೆಯೇ ಒಮ್ಮೆ ತೋರಿಸಿಕೊಟ್ಟಿದೆ. 1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ‘ಜನಸ್ಪಂದನ’ ಎಂಬ ಯೋಜನೆಯಡಿ ಊರೂರಿಗೆ ಹೋಗಿ ಸಿನಿಮಾ, ನಾಟಕಗಳ ಶಿಬಿರ ನಡೆಸುತ್ತಿತ್ತು. ಆಗ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ನಟರನ್ನಾಗಿ ಇಟ್ಟುಕೊಂಡು ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದರು. ಅದರ ಮೂಲ ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ, ಸಿ. ನಾಗಣ್ಣನವರ ಅನುವಾದದಲ್ಲಿ ಕನ್ನಡಿಗರು ‘ಭಂಗ’ ಎಂಬ ಹೆಸರಿನಲ್ಲಿ ಓದಿರುವ ಕೃತಿ. ಉಮುವೊಫಿಯ ಎಂಬ ಹಳ್ಳಿ, ಅಲ್ಲಿಯ ಕುಸ್ತಿಪಟು ಒಕೊಂಕ್ವೊ, ಅವನ ಗೆಣಸಿನ ಬೆಳೆ, ದೈವಗಳು, ಆಮೇಲೆ ಬಂದ ಪಾದ್ರಿ, ಪಾದ್ರಿಯ ಹಿಂದೆ ಬಂದ ಕಚೇರಿ. ಕಾದಂಬರಿಯ ಕೊನೆ ಯಾರನ್ನೂ ನೋಯಿಸುವಂಥದ್ದು. ಒಕೊಂಕ್ವೊ ನೇಣು ಹಾಕಿಕೊಂಡಿದ್ದಾನೆ. ಬಿಳಿಯ ಜಿಲ್ಲಾಧಿಕಾರಿ ತಾನು ಬರೆಯಲಿರುವ ಪುಸ್ತಕದ ಬಗ್ಗೆ ಯೋಚಿಸುತ್ತ ನಡೆಯುತ್ತಾನೆ. ಈ ಮನುಷ್ಯನ ಮೇಲೆ ಒಂದು ಅಧ್ಯಾಯ ಬರೆಯಬಹುದು ಅನ್ನಿಸುತ್ತದೆ. ಅಷ್ಟು ಬೇಡ, ಒಂದು ಪ್ಯಾರಾ ಸಾಕು ಎಂದು ಆಮೇಲೆ ಅಂದುಕೊಳ್ಳುತ್ತಾನೆ. ಇನ್ನೂರು ಪುಟ ನಾವು ಜೊತೆಗೆ ಬಾಳಿದ ಮನುಷ್ಯ ಸರಕಾರಿ ಕಡತದಲ್ಲಿ ಒಂದು ಪ್ಯಾರಾ ಆಗುತ್ತಾನೆ. ಅರಣ್ಯ ಇಲಾಖೆಯ ‘ಅತಿಕ್ರಮಣದಾರ’ ಎಂಬ ಒಂದೇ ಪದದಲ್ಲಿ ಅಜ್ಜ-ಮುತ್ತಜ್ಜರ ಬದುಕು ಮುಗಿದುಹೋಗುವುದನ್ನು ಕಂಡ ಜನ ಆ ಕಥೆಯನ್ನು ತಮ್ಮ ಬಾಯಿಂದ, ಕನ್ನಡದಲ್ಲಿ, ತಮ್ಮ ತಾಳಕ್ಕೆ ಆಡಿದರು. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ಶಿಬಿರಗಳಿಂದ, ಆಮೇಲೆ ನೀನಾಸಂ ರಂಗಶಿಕ್ಷಣ ಕೇಂದ್ರದಿಂದ ಸಿದ್ದಿ ಸಮುದಾಯದ ನಟ-ನಟಿಯರು ಹೊರಬಂದರು. ಗಿರಿಜಾ ಸಿದ್ದಿಯವರು ರಂಗನಟಿಯಾಗಿ, ಹಿಂದೂಸ್ತಾನಿ ಗಾಯಕಿಯಾಗಿ ಹೆಸರು ಮಾಡಿದರು. ಪ್ರಶಾಂತ್ ಸಿದ್ದಿಯವರನ್ನು ‘ಪರಮಾತ್ಮ’ದಂಥ ಸಿನಿಮಾಗಳಿಂದ ಇಡೀ ನಾಡು ಗುರುತಿಸುತ್ತದೆ. ಇದರ ಹಿಂದಿನ ಕಾರಣವನ್ನು ಗಮನಿಸಬೇಕು. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಹೆಗ್ಗೋಡಿನಲ್ಲಿ ಕಟ್ಟಿದ್ದು ಒಂದು ಶಾಲೆ. ನಾಟಕ ತಂಡ ಅದಕ್ಕೂ ಮೊದಲೇ ಇತ್ತು. ಉತ್ಸಾಹವಿದ್ದ ಹಳ್ಳಿಯ ಹುಡುಗ-ಹುಡುಗಿಯರಿಗೆ ಹತ್ತು ತಿಂಗಳು ಊಟ-ವಸತಿ ಕೊಟ್ಟು ಧ್ವನಿ, ನಡಿಗೆ, ಬಣ್ಣ, ಬೆಳಕು, ನಾಟಕದ ಓದು ಇವನ್ನೆಲ್ಲ ಕ್ರಮವಾಗಿ ಕಲಿಸುವ ಒಂದು ವ್ಯವಸ್ಥೆ ಇದ್ದುದರಿಂದಲೇ ಈ ಬದುಕುಗಳು ಬೇರೆ ದಾರಿ ಹಿಡಿದವು. ಆದರೆ ಆ ದಾರಿ ಊರಿನಿಂದ ಹೊರಗೆ ಹೋಗುವ ದಾರಿ. ಕಲಿತವರು ಮರಳಿ ಬಂದರೆ ಜಿಲ್ಲೆಯಲ್ಲಿ ಅವರಿಗೆ ಏನಿದೆ? ಬೇಸಿಗೆ ಶಿಬಿರ, ಗಣರಾಜ್ಯೋತ್ಸವದ ನೃತ್ಯ, ಯಾವುದೋ ಇಲಾಖೆಯ ಜಾಗೃತಿಯ ಬೀದಿನಾಟಕ. ಹದಿನೈದು ದಿನದ ಕೂಲಿಯ ಮೇಲೆ ಯಾರೂ ಒಂದು ರಂಗಭೂಮಿಯನ್ನು ಕಟ್ಟಲಾರರು.

ಈ ಮಾತನ್ನು ಘಾನಾದ ನಾಟಕಕಾರ್ತಿ ಎಫುವಾ ಸದರ್ಲ್ಯಾಂಡ್ ಅವರ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡದಲ್ಲಿ ಆಫ್ರಿಕದ ಲೇಖಕರಾದ ಸೋಯಿಂಕಾ, ಅಚಿಬೆ, ಗೂಗಿ ಅವರ ಬಗ್ಗೆ ಚರ್ಚೆಯಾದಷ್ಟು ಈ ಹೆಣ್ಣುಮಗಳ ಬಗ್ಗೆ ಆಗಿಲ್ಲ. 1924ರಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಶಿಕ್ಷಕಿ, ನಾಟಕಕಾರ್ತಿಯಾದದ್ದು ಆಮೇಲೆ. 1957ರಲ್ಲಿ ಘಾನಾ ಸ್ವತಂತ್ರವಾದಾಗ ಹೊಸ ದೇಶದ ಮಕ್ಕಳಿಗೆ ಓದಲು, ಆಡಲು ತಮ್ಮದೇ ಆದದ್ದು ಏನಿದೆ ಎಂಬ ಚಿಂತೆ ಅವರದು. ಅಕ್ರಾದಲ್ಲಿ ಪ್ರಾಯೋಗಿಕ ತಂಡ ಕಟ್ಟಿದರು, 1960ರ ದಶಕದ ಆರಂಭದಲ್ಲಿ ಡ್ರಾಮಾ ಸ್ಟುಡಿಯೊ ಎದ್ದಿತು. ನಡುವೆ ಬಯಲಿಟ್ಟು ಸುತ್ತ ಕಟ್ಟಿದ, ಹಳ್ಳಿಮನೆಯ ಅಂಗಳವನ್ನೇ ಹೋಲುವ ರಂಗಮಂದಿರ ಅದು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿಯಾಗಿ, ಅಧ್ಯಾಪಕಿಯಾಗಿ ಕೆಲಸ ಮಾಡುತ್ತ ಎಕುಮ್‌ಫಿ ಅಟ್ವಿಯಾ ಎಂಬ ಹಳ್ಳಿಗೆ ಹೋದರು. ಅಲ್ಲಿ ಕಥೆ ಹೇಳುವವರ ಗಟ್ಟಿ ಪರಂಪರೆಯಿತ್ತು. ಕಥೆ ಸಾಗುತ್ತಿರುವಾಗ ಕೇಳುಗರಲ್ಲಿ ಯಾರಾದರೂ ಎದ್ದು ನಡುವೆ ಹಾಡು ಹಾಕಬಹುದು. ಆ ಹಾಡಿಗೆ ‘ಎಂಬೊಗುವೊ’ ಎನ್ನುತ್ತಾರೆ. ಕಥೆ ಸಪ್ಪೆಯಾಯಿತೆಂದರೆ ಹಾಡಿನಿಂದಲೇ ಅದನ್ನು ಎತ್ತುವ ಹಕ್ಕು ಕೇಳುಗನದು. ಎಫುವಾ ಇದನ್ನು ಕಂಡು ಬರೆದುಕೊಂಡು ಮರಳಿ ಹೋಗಿದ್ದರೆ ಒಂದು ಒಳ್ಳೆಯ ಪ್ರಬಂಧವಾಗುತ್ತಿತ್ತು. ಅವರು ಅಲ್ಲಿಯೇ ಊರವರ ಜತೆ ಸೇರಿ ‘ಕೊಡ್ಜಿಡಾನ್’, ಅಂದರೆ ಕಥೆಮನೆ, ಕಟ್ಟಿಸಿದರು. ಆ ಹಾಡಿನ ಪದ್ಧತಿಯನ್ನು ಹಾಗೆಯೇ ನಾಟಕದೊಳಗೆ ತಂದು 1975ರಲ್ಲಿ ‘ದಿ ಮ್ಯಾರೇಜ್ ಆಫ್ ಅನಾನ್ಸೆವಾ’ ಪ್ರಕಟಿಸಿದರು. ಅನಾನ್ಸೆ ಎಂಬ ಜಾಣ ಜೇಡ ಮಗಳನ್ನು ಮದುವೆ ಮಾಡಿಕೊಡುವುದಾಗಿ ನಾಲ್ವರು ಮುಖ್ಯಸ್ಥರಿಗೆ ಒಟ್ಟಿಗೆ ಆಸೆ ತೋರಿಸಿ ಉಡುಗೊರೆ ಬಾಚಿಕೊಂಡು, ಕೊನೆಗೆ ನಾಲ್ವರೂ ಬರುವ ಹೊತ್ತಿಗೆ ಮಗಳು ಸತ್ತಳೆಂದು ಸುಳ್ಳು ಹಬ್ಬಿಸುವ ಕಥೆ. ಊರ ಅಜ್ಜಿಯರು ಹೇಳುತ್ತಿದ್ದ ಕಥೆಯ ರೀತಿ ಹೀಗೆ ಪಠ್ಯವಾಗಿ, ತರಗತಿಯಾಗಿ, ತಂಡವಾಗಿ ಮುಂದುವರಿಯಿತು. 1980ರ ದಶಕದಲ್ಲಿ ಅವರು ಘಾನಾದ ಮಕ್ಕಳ ಆಯೋಗದ ಅಧ್ಯಕ್ಷೆಯೂ ಆಗಿ ದುಡಿದರು.

ಎಫುವಾ ತೀರಿಕೊಂಡದ್ದು 1996ರಲ್ಲಿ. ಅದಕ್ಕೂ ಮೊದಲೇ ಅವರ ಡ್ರಾಮಾ ಸ್ಟುಡಿಯೊವನ್ನು ಕೆಡವಿ ಆ ಜಾಗದಲ್ಲಿ ದೊಡ್ಡ ರಾಷ್ಟ್ರೀಯ ರಂಗಮಂದಿರ ಕಟ್ಟಿದರು, ಹಳೆಯದರ ಪ್ರತಿರೂಪವೊಂದು ವಿಶ್ವವಿದ್ಯಾಲಯದ ಆವರಣದಲ್ಲಿ ಎದ್ದಿತು. ಕಟ್ಟಡ ಹೋದರೂ ಕೆಲಸ ಹೋಗಲಿಲ್ಲ, ಏಕೆಂದರೆ ಅದು ಅಷ್ಟರಲ್ಲಿ ಕಲಿಸುವವರ ಕೈ ಸೇರಿತ್ತು. ನಮ್ಮಲ್ಲಿ ರಂಗಭೂಮಿಗೆ ಹಣ ಕೇಳಿದಾಗಲೆಲ್ಲ ಮಂಜೂರಾಗುವುದು ಕಟ್ಟಡ. ಕಾರವಾರದಲ್ಲಿ ಜಿಲ್ಲಾ ರಂಗಮಂದಿರವಿದೆ, ಇರಲಿ, ಬೇಕು. ಆದರೆ ಒಳಗೆ ಆಡುವವರನ್ನು ತಯಾರು ಮಾಡುವ ಒಂದು ಹುದ್ದೆಯ ಖರ್ಚು ಕಟ್ಟಡದ ಖರ್ಚಿನ ಮುಂದೆ ಏನೂ ಅಲ್ಲ. ಕಾನೂನಿನ ಬಾಗಿಲೂ ಮುಚ್ಚಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಯ ಮಕ್ಕಳು ನೂರಕ್ಕಿಂತ ಹೆಚ್ಚಿರುವ ಶಾಲೆಗೆ ಕಲೆಯ ಅರೆಕಾಲಿಕ ಶಿಕ್ಷಕರು ಇರಬೇಕು. ಸಮಸ್ಯೆ ಆ ನೂರರಲ್ಲಿದೆ. ಅಂಕೋಲೆ ಪೇಟೆಯ ಶಾಲೆಗೆ ಆ ಲೆಕ್ಕ ಸಿಗಬಹುದು, ಗಂಗಾವಳಿಯ ದಂಡೆ ಹಿಡಿದು ಘಟ್ಟದ ಕಡೆಗೆ ಹೋದ ಹಾಗೆ ಶಾಲೆಗಳು ಸಣ್ಣವಾಗುತ್ತವೆ. ಸಿದ್ದಿ, ಹಾಲಕ್ಕಿ, ಕರೆಒಕ್ಕಲಿಗ ಮಕ್ಕಳು ಓದುವ ಶಾಲೆಗಳಲ್ಲಿ ನೂರು ತಲೆ ಎಣಿಸಲು ಸಾಧ್ಯವೇ ಇಲ್ಲ. ಹಾಗಾಗಿ ಯಾರಿಗೆ ಕಲೆಯ ಮಾಸ್ತರು ಹೆಚ್ಚು ಬೇಕೋ ಅವರೇ ನಿಯಮದ ಹೊರಗೆ ಉಳಿಯುತ್ತಾರೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಶಾಲೆಗೊಬ್ಬರ ಬದಲು ಒಂದು ಕ್ಲಸ್ಟರಿಗೆ ಒಬ್ಬರನ್ನು ಕೊಟ್ಟು, ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆಗೆ ಹೋಗುವಂತೆ ಮಾಡಬಹುದು. ಪರಿಶಿಷ್ಟ ಪಂಗಡದ ಆಶ್ರಮ ಶಾಲೆಗಳು, ಮೊರಾರ್ಜಿ ವಸತಿ ಶಾಲೆಗಳು ಮಕ್ಕಳನ್ನು ಹಗಲಿರುಳು ಇಟ್ಟುಕೊಂಡಿರುವುದರಿಂದ ಅಲ್ಲಿ ಸಂಜೆಯ ಹೊತ್ತೂ ಸಿಗುತ್ತದೆ. ರಂಗಶಿಕ್ಷಣ ಪಡೆದವರನ್ನು ಸರಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರಾಗಿ ನೇಮಿಸಿಕೊಂಡ ಅನುಭವವೂ ರಾಜ್ಯಕ್ಕಿದೆ. ಆ ಕೆಲಸವನ್ನು ವಿಸ್ತರಿಸದೆ ಬಿಟ್ಟದ್ದು ತಪ್ಪು.

ಗಣಿತ-ವಿಜ್ಞಾನಕ್ಕೇ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕರಿಂದ ಶಾಲೆ ನಡೆಯುತ್ತಿದೆ, ಅಂಥಲ್ಲಿ ನಾಟಕವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಗಣಿತದ ಹುದ್ದೆ ಖಾಲಿ ಇಟ್ಟು ನಾಟಕದವರನ್ನು ತನ್ನಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಈ ತಾಲೂಕುಗಳ ಮಕ್ಕಳ ನಾಲಿಗೆಯ ಸ್ಥಿತಿಯನ್ನು ಒಮ್ಮೆ ನೋಡಿ. ಕಾರವಾರದಲ್ಲಿ, ಅದರಲ್ಲೂ ಸದಾಶಿವಗಡ, ಮಾಜಾಳಿಯ ಕಡೆ, ಮನೆಮಾತು ಕೊಂಕಣಿ. ಸಿದ್ದಿ ಮನೆಗಳಲ್ಲಿ ಅವರದೇ ಧಾಟಿಯ ಕೊಂಕಣಿ. ಹಾಲಕ್ಕಿ ಮಗುವಿನ ಮನೆಯಲ್ಲಿ ಪುಸ್ತಕದ ಕನ್ನಡಕ್ಕಿಂತ ತುಂಬ ಬೇರೆಯಾದ ಕನ್ನಡ. ಇವರೆಲ್ಲ ಒಂದೇ ಬೆಂಚಿನ ಮೇಲೆ ಕೂತು ಪಠ್ಯದ ಕನ್ನಡವನ್ನು ಎದುರಿಸುತ್ತಾರೆ. ತಪ್ಪು ಮಾತಾಡಿದರೆ ನಗುತ್ತಾರೆಂದು ಬಾಯಿ ಮುಚ್ಚಿದ ಮಗು ಗಣಿತದ ತರಗತಿಯಲ್ಲೂ ಅರ್ಥವಾಗಲಿಲ್ಲ ಎಂದು ಹೇಳುವುದಿಲ್ಲ. ನಾಟಕದ ತಾಲೀಮಿನಲ್ಲಿ ಅದೇ ಮಗು ಒಂದು ಮಾತನ್ನು ನಲವತ್ತು ಸಲ ಗಟ್ಟಿಯಾಗಿ ಹೇಳುತ್ತದೆ, ಕೋಪದಲ್ಲಿ, ಅಳುವಿನಲ್ಲಿ, ದೂರದ ಗೋಡೆಗೆ ಕೇಳುವ ಹಾಗೆ. ನಲವತ್ತನೆಯ ಸಲಕ್ಕೆ ಆ ಕನ್ನಡ ಅದರದ್ದಾಗಿರುತ್ತದೆ. ಪಾತ್ರ ಕೊಂಕಣಿ ಮಾತಾಡುವ ಮೀನು ಮಾರುವವಳದ್ದಾದರೆ ಮನೆಮಾತಿಗೂ ಮೊದಲ ಸಲ ಶಾಲೆಯಲ್ಲಿ ಗೌರವ ಸಿಕ್ಕಿರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಯ ಜತೆ ನಾಟಕವನ್ನೂ ಕಲಿಕೆಯ ಭಾಗವೆಂದು ಪರಿಗಣಿಸಿತು. 2020ರ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳ ಕಲಿಕೆಯೊಂದಿಗೆ ಬೆಸೆಯುವ ಮಾತಾಡುತ್ತದೆ. ಕಾಗದದಲ್ಲಿ ಒಪ್ಪಿದ್ದಕ್ಕೆ ಜನರನ್ನು ಕೊಡಿ ಎಂಬುದಷ್ಟೇ ಬೇಡಿಕೆ.

ಯಕ್ಷಗಾನದ ನಾಡಿನಲ್ಲಿ ಬೇರೆ ನಾಟಕ ಶಿಕ್ಷಣ ಏಕೆ ಎಂಬುದು ಇನ್ನೊಂದು ಆಕ್ಷೇಪ. ಬಡಗುತಿಟ್ಟಿನ ಈ ಸೀಮೆಯಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದವರಿಗೆ ರಂಗಪ್ರಜ್ಞೆಯನ್ನು ಹೊರಗಿನಿಂದ ತರಬೇಕಿಲ್ಲ, ನಿಜ. ಆದರೆ ಯಕ್ಷಗಾನ ಹೇಗೆ ಉಳಿಯಿತು ಎಂದು ಕೇಳಿದರೆ ಉತ್ತರ ನನ್ನ ವಾದದ ಕಡೆಗೇ ಬರುತ್ತದೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆಯವರು ಮೇಳ ನಡೆಸಿ, ವೇಷ ಮಾಡಿ, ಅಷ್ಟಕ್ಕೆ ನಿಲ್ಲದೆ ಶ್ರೀಮಯ ಕಲಾಕೇಂದ್ರವನ್ನು ತೆರೆದು ಹೆಜ್ಜೆ, ತಾಳ, ಮಾತು ಕಲಿಸುವ ಶಾಲೆ ಮಾಡಿದರು. ಮಹಾನಟ ಮಾಸ್ತರಾದಾಗಲೇ ಕಲೆ ಒಂದು ಮನೆತನದ ಆಚೆ ದಾಟಿದ್ದು. ನಾಟಕದ ಮಾಸ್ತರು ಶಾಲೆಗೆ ಬಂದರೆ ಯಕ್ಷಗಾನವನ್ನು ಹೊರಗಿಡಬೇಕಿಲ್ಲ, ಭಾಗವತರನ್ನು ಕರೆಸಿ ತಾಳ ಕಟ್ಟಿಸಬಹುದು. ಸುಗ್ಗಿ ಕುಣಿತವೂ ಡಮಾಮಿಯೂ ಅದೇ ತರಗತಿಗೆ ಬರಲಿ. ಅಂಕೋಲೆ-ಕಾರವಾರದ ಹಳ್ಳಿಗಳಲ್ಲಿ ಜಾತ್ರೆಗೆ ಊರ ಹುಡುಗರೇ ಬಣ್ಣ ಹಚ್ಚಿ ಕನ್ನಡದಲ್ಲೋ ಕೊಂಕಣಿಯಲ್ಲೋ ನಾಟಕ ಆಡುವ ರೂಢಿ ಇದೆಯಲ್ಲ, ಆ ಹುಡುಗರಿಗೂ ಒಬ್ಬ ತಿಳಿದವರು ಹತ್ತಿರ ಇದ್ದಂತಾಗುತ್ತದೆ.

ಸಿದ್ದಿಗಳ ವಿಷಯದಲ್ಲಿ ಆಫ್ರಿಕದ ಹೆಸರು ಎತ್ತುವುದೇ ತಪ್ಪು ಎನ್ನುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶತಮಾನಗಳಿಂದ ಈ ಮಣ್ಣಿನಲ್ಲಿ ದುಡಿದವರನ್ನು ಬಸ್ಸಿನಲ್ಲಿ ‘ನೀವು ಯಾವ ದೇಶದವರು’ ಎಂದು ಕೇಳುವ ಜನ ಇಂದಿಗೂ ಇದ್ದಾರೆ. ಅಂಥಲ್ಲಿ ಆಫ್ರಿಕದ ನಾಟಕವನ್ನು ಅವರ ಕೈಗಿಟ್ಟರೆ ಆ ಪ್ರಶ್ನೆಗೆ ನಾವೇ ಬಲ ತುಂಬಿದಂತಾಗದೆ? ಸಿದ್ದಿ ಮಕ್ಕಳು ಆಫ್ರಿಕದ ನಾಟಕವನ್ನೇ ಆಡಬೇಕು ಎಂದರೆ ಖಂಡಿತ ಹಾಗಾಗುತ್ತದೆ. ಆದರೆ ಅಚಿಬೆಯ ಇಗ್ಬೊ ಜನ ಇರುವುದು ಪಶ್ಚಿಮ ಆಫ್ರಿಕದ ನೈಜೀರಿಯದಲ್ಲಿ, ಸಿದ್ದಿಗಳ ಮೂಲವಿರುವುದು ಖಂಡದ ಇನ್ನೊಂದು ತುದಿಯಲ್ಲಿ. ರಕ್ತದ ನಂಟಿಗಾಗಿ ಮಂಚಿಕೇರಿಗೆ ಆ ಕಥೆ ಒದಗಲಿಲ್ಲ. ನೆಲ ಕಳೆದುಕೊಳ್ಳುವುದರ, ನಮ್ಮ ಬದುಕನ್ನು ಬೇರೊಬ್ಬ ಬರೆದುಬಿಡುವುದರ ಕಥೆಯಾಗಿದ್ದರಿಂದ ಒದಗಿತು. ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಮನೆ-ಗದ್ದೆ ಬಿಟ್ಟ ಕಾರವಾರ, ಅಂಕೋಲೆಯ ಯಾವ ಕುಟುಂಬವೂ ಒಕೊಂಕ್ವೊನನ್ನು ಅರ್ಥ ಮಾಡಿಕೊಳ್ಳಬಲ್ಲುದು. ನಾಡವರ ಹುಡುಗ ಒಕೊಂಕ್ವೊ ಆಗಲಿ, ಸಿದ್ದಿ ಹುಡುಗಿ ಶಕುಂತಲೆಯಾಗಲಿ. ಮೈಬಣ್ಣ ನೋಡಿ ಪಾತ್ರ ಹಂಚುವ ಚಟವನ್ನು ಬಿಡಿಸುವವರು ತರಬೇತಿ ಪಡೆದ ನಾಟಕದ ಮಾಸ್ತರೇ.

ಬಡವರ ಕೈಗೆ ರಂಗಭೂಮಿ ಸಿಕ್ಕರೆ ಅದು ಚಳವಳಿಯಾಗುತ್ತದೆ ಎಂಬ ಅಳುಕು ಅಧಿಕಾರದಲ್ಲಿ ಇರುವವರಿಗೆ ಎಲ್ಲ ಕಾಲದಲ್ಲೂ ಇದ್ದದ್ದೇ. ಕೆನ್ಯದಲ್ಲಿ ಗೂಗಿ ವಾ ಥಿಯಾಂಗೊ 1977ರಲ್ಲಿ ಕಮಿರೀಥು ಹಳ್ಳಿಯ ರೈತ-ಕೂಲಿಗಳ ಜತೆ ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದಾಗ ಸರಕಾರ ನಾಟಕ ನಿಲ್ಲಿಸಿತು, ವರ್ಷ ಮುಗಿಯುವುದರೊಳಗೆ ಅವರನ್ನು ಜೈಲಿಗೆ ಹಾಕಿತು, 1982ರಲ್ಲಿ ಊರವರೇ ಕಟ್ಟಿದ ಬಯಲು ರಂಗಮಂದಿರವನ್ನು ನೆಲಸಮ ಮಾಡಿತು. ನಮ್ಮದು ಅಂಥ ಸರಕಾರವಲ್ಲ, ನಮ್ಮ ಕಾನೂನೇ ಜನ ಎದ್ದು ಮಾತಾಡಲಿ ಎನ್ನುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಊರ ಹಿರಿಯರ ಹೇಳಿಕೆಯೂ ಪುರಾವೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ಗದ್ದೆಯನ್ನು ಇಂಥವರ ಅಜ್ಜ ಸಾಗುವಳಿ ಮಾಡಿದ್ದು ನಾನು ಬಲ್ಲೆ ಎಂದು ಅಧಿಕಾರಿಗಳ ಎದುರು ಸ್ಪಷ್ಟವಾಗಿ ಹೇಳಬಲ್ಲ ಒಬ್ಬರು ಬೇಕು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇನ್ನೂ ಜಾಗ ಸಿಗದ ಹಾಲಕ್ಕಿಗಳಿಗಂತೂ ಎಪ್ಪತ್ತೈದು ವರ್ಷದ ವಾಸದ ಪುರಾವೆ ಬೇಕು, ಅವರಿಗೆ ಹಿರಿಯರ ಬಾಯಿಯೇ ದಾಖಲೆ. ಹತ್ತು ಜನರ ಮುಂದೆ ನಿಂತು ನಡುಗದೆ ಮಾತಾಡುವುದನ್ನು ಯಾವ ಪಠ್ಯವೂ ಕಲಿಸುವುದಿಲ್ಲ, ನಾಟಕ ಕಲಿಸುತ್ತದೆ.

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜ ಎಂದು ನಾಡು ಅವರನ್ನು ಕೊಂಡಾಡಿತ್ತು, 2017ರಲ್ಲಿ ಪದ್ಮಶ್ರೀ ಬಂದಿತ್ತು. ಎಲ್ಲವೂ ಸಲ್ಲಬೇಕಾದದ್ದೇ. ಆದರೆ ಐವತ್ತರ ಗಟ್ಟಿ ದನಿಯ ಸುಕ್ರಜ್ಜಿಯನ್ನು ವಾರಕ್ಕೆರಡು ದಿನ ಸಂಬಳ ಕೊಟ್ಟು ಶಾಲೆಗೆ ಕರೆದುಕೊಳ್ಳುವ ಒಂದು ಹುದ್ದೆ ನಮ್ಮ ಶಿಕ್ಷಣ ಇಲಾಖೆಯಲ್ಲಿ ಇದ್ದಿದ್ದರೆ ಎಷ್ಟು ಹಾಡು ಎಷ್ಟು ಮಕ್ಕಳ ಬಾಯಲ್ಲಿ ಇರುತ್ತಿತ್ತು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ನಾಟಕದ ಹುದ್ದೆಗೆ ಡಿಪ್ಲೊಮಾ ಬೇಕೆಂದಾದರೆ ಇರಲಿ, ಅದರ ಜತೆಗೆ ಊರ ಹಾಡುಗಾರ್ತಿಯನ್ನು, ಡಮಾಮು ಬಾರಿಸುವವನನ್ನು ಗೌರವಧನ ಕೊಟ್ಟು ತರಗತಿಗೆ ಕರೆಯುವ ಅಧಿಕಾರ ಆ ಮಾಸ್ತರಿಗಿರಬೇಕು. ಎಫುವಾ ಅಟ್ವಿಯಾದಲ್ಲಿ ಮಾಡಿದ್ದು ಅದನ್ನೇ.

ಇನ್ನೊಂದು ಎಚ್ಚರಿಕೆಯ ಮಾತೂ ಇದೆ. ಹುದ್ದೆ ಮಂಜೂರಾದರೆ, ಸಿದ್ದಿ ಶಿಕ್ಷಕರನ್ನು ಸಿದ್ದಿ ಮಕ್ಕಳ ಆಶ್ರಮ ಶಾಲೆಗೇ ಹಾಕಿ ಕೈತೊಳೆದುಕೊಳ್ಳುವ ಸಂಭವ ಹೆಚ್ಚು. ಅಲ್ಲಿಗೂ ಬೇಕು, ಆದರೆ ಅಲ್ಲಿಗಷ್ಟೇ ಆಗಬಾರದು. ಹೆಗ್ಗೋಡಿನಲ್ಲಿ ಕಲಿತ ಸಿದ್ದಿ ಅಕ್ಕೋರು ಕಾರವಾರ ಪೇಟೆಯ, ಅಂಕೋಲೆ ಪೇಟೆಯ ಸರಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡಲಿ. ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚಿನ ಒಂದು ಗಂಟೆಯಲ್ಲಿ, ಬೆಂಚುಗಳನ್ನು ಗೋಡೆಗೆ ಸರಿಸಿ, ನಾಡವರ, ಖಾರ್ವಿ, ಹಾಲಕ್ಕಿ, ನವಾಯತ, ಬ್ರಾಹ್ಮಣ ಮನೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಉಸಿರು ಎಲ್ಲಿಂದ ಎತ್ತಬೇಕು, ಕೈ ಎಲ್ಲಿಡಬೇಕು ಎಂದು ಅವರು ತೋರಿಸಿಕೊಡಲಿ. ಆ ಮಕ್ಕಳು ಮುಂದೆ ಉತ್ಸವದ ವೇದಿಕೆಯಲ್ಲಿ ಡಮಾಮಿ ನೋಡುವಾಗ, ಕುಣಿಯುತ್ತಿರುವವರು ತಮಗೆ ಕಲಿಸಿದವರ ಕಡೆಯವರು ಎಂದು ಗುರುತು ಹಿಡಿಯುತ್ತಾರೆ.